ಅಚ್ಚಿನಲ್ಲಿ ಹುಟ್ಟಿದ ಅಚ್ಚು

ಬೆಲ್ಲ ಹೊಯ್ಯುವುದೂ ಅಚ್ಚು, ಗಾಡಿಯ ಚಕ್ರಗಳನ್ನು ಹಿಡಿದು ನಿಲ್ಲುವುದೂ ಅಚ್ಚು. ಇಂಗ್ಲೆಂಡಿನ ಲೀಡ್ಸ್ ನಗರದ ಕರ್ಕ್‌ಸ್ಟಾಲ್ ಫೋರ್ಜ್ ಎಂಬ ಕಾರ್ಖಾನೆ ಬದುಕಿದ್ದು ಈ ಎರಡೂ ಅಚ್ಚುಗಳನ್ನು ನಂಬಿ.

ಏರ್ ನದಿಯ ದಂಡೆಯಲ್ಲಿ 1152ರಲ್ಲಿ ನೆಲೆಯೂರಿದ ಕ್ರೈಸ್ತ ಸನ್ಯಾಸಿಗಳೇ ಅಲ್ಲಿ ಮೊದಲ ಕುಲುಮೆ ಹೂಡಿದರೆಂಬ ಪ್ರತೀತಿ ಇದೆ. 1779ರಲ್ಲಿ ಬೀಕ್ರಾಫ್ಟ್ ಮತ್ತು ಬಟ್ಲರ್ ಕುಟುಂಬಗಳು ಅದನ್ನು ವಹಿಸಿಕೊಂಡವು. ಆಗಿನ ಸುತ್ತಿಗೆಯೆಂದರೆ ಅಡ್ಡ ಮಲಗಿದ ದಪ್ಪ ತೊಲೆ, ಅದಕ್ಕೊಂದು ಕಬ್ಬಿಣದ ತಲೆ. ನೀರಿನ ಚಕ್ರ ಅದನ್ನು ಎತ್ತಿ ಎತ್ತಿ ಬಿಡುತ್ತಿತ್ತು.

ರೈಲು ಬಂದ ಮೇಲೆ ಆಕ್ಸಲ್‌ಗೆ, ಅಂದರೆ ಚಕ್ರದ ಅಚ್ಚಿಗೆ, ಬೇಡಿಕೆ ಬಂತು, ಜೊತೆಗೆ ಒಂದು ಭಯವೂ ಬಂತು. 1842ರ ಮೇ 8ರಂದು ಫ್ರಾನ್ಸಿನ ವರ್ಸೈಲ್ಸ್ ಬಳಿ ಎಂಜಿನ್ನಿನ ಆಕ್ಸಲ್ ಮುರಿದು ಐವತ್ತಕ್ಕೂ ಹೆಚ್ಚು ಜನ ಸತ್ತರು. ಉರುಳುವ ಆಕ್ಸಲ್ಲಿನ ಹೊರಮೈ ಪ್ರತಿ ಸುತ್ತಿನಲ್ಲೂ ಒಮ್ಮೆ ಹಿಗ್ಗುತ್ತದೆ, ಒಮ್ಮೆ ಕುಗ್ಗುತ್ತದೆ. ದಪ್ಪ ಭಾಗ ತಟ್ಟನೆ ಸಣ್ಣದಾಗುವ ಮೂಲೆಯಲ್ಲಿ ಬಿರುಕು ಹುಟ್ಟಿ ಮೆಲ್ಲನೆ ಒಳಕ್ಕೆ ಸಾಗುತ್ತದೆ ಎಂದು ಸ್ಕಾಟ್ಲೆಂಡಿನ ಎಂಜಿನಿಯರ್ ವಿಲಿಯಂ ರ‍್ಯಾಂಕಿನ್ ಮರುವರ್ಷವೇ ತೋರಿಸಿದ.

ಬಡಿದು ಮಾಡಿದ ಲೋಹಕ್ಕೆ ಬೆಲೆ ಬರುವುದು ಇಲ್ಲಿಯೇ. ನೇಗಿಲಿಗೆ ನಮ್ಮ ರೈತರು ತಾನಾಗಿಯೇ ಬಾಗಿದ ಮರವನ್ನು ಹುಡುಕುತ್ತಿದ್ದರು. ನೆಟ್ಟಗಿನ ಮರವನ್ನು ಬಾಗಿದಂತೆ ಕೊರೆದರೆ ಎಳೆ ತುಂಡಾಗಿ, ಅಲ್ಲಿಯೇ ಸೀಳುತ್ತದೆ. ಉಕ್ಕಿನೊಳಗೂ ಅಂಥ ಎಳೆಗಳಿವೆ. ಕೊರೆದರೆ ಕಡಿದುಹೋಗುತ್ತವೆ. ಕಾಯಿಸಿ ಬಡಿದರೆ ಆಕಾರದ ಜೊತೆಗೆ ತಾವೂ ಬಾಗುತ್ತವೆ.

ಹೀಗೆ ಬಡಿದು ರೂಪಿಸುವ ಒಂದು ವಿಧಾನವಾದ ಡ್ರಾಪ್ ಫೋರ್ಜಿಂಗ್‌ನಲ್ಲಿ ಅಚ್ಚು ಎರಡು ಹೋಳಾಗಿರುತ್ತದೆ, ಒಂದು ಕೆಳಗೆ, ಇನ್ನೊಂದು ಸುತ್ತಿಗೆಯ ತಳದಲ್ಲಿ. ಸುಮಾರು 1200 ಡಿಗ್ರಿ ಸೆಲ್ಸಿಯಸ್‌ಗೆ ಕಾದ ಉಕ್ಕನ್ನು ನಡುವೆ ಇಟ್ಟು ಸುತ್ತಿಗೆಯನ್ನು ಬೀಳಿಸುತ್ತಾರೆ. ಕರಜಿಕಾಯಿಯ ಅಚ್ಚನ್ನು ಒತ್ತಿದಾಗ ಅಂಚಿನಲ್ಲಿ ಕಣಕ ಹೊರಬರುವಂತೆ ಹೆಚ್ಚಿನ ಉಕ್ಕು ತೆಳ್ಳಗೆ ಹೊರಚೆಲ್ಲುತ್ತದೆ. ನನಗೆ ಅತ್ಯಂತ ಪ್ರಿಯವಾದ ಸಂಗತಿ ಇದು: ವ್ಯರ್ಥವೆಂದು ತೋರುವ ಆ ತೆಳು ಅಂಚು ಬೇಗ ಆರಿ ಬಿರುಸಾಗುತ್ತದೆ, ಒಳಗಿನ ಲೋಹ ತಪ್ಪಿಸಿಕೊಳ್ಳದಂತೆ ತಡೆಯುತ್ತದೆ. ಒತ್ತಡ ಏರಿ ಲೋಹ ಅಚ್ಚಿನ ಮೂಲೆಮೂಲೆಗೂ ನುಗ್ಗುತ್ತದೆ. ಕೆಲಸ ಮುಗಿದ ಮೇಲೆ ಅಂಚನ್ನು ಕತ್ತರಿಸಿ ಎಸೆಯುತ್ತಾರೆ.

20ನೆಯ ಶತಮಾನದಲ್ಲಿ ಕರ್ಕ್‌ಸ್ಟಾಲ್ ಆಕ್ಸಲ್‌ಗಳು ಲಾರಿ, ಬಸ್ಸುಗಳ ಅಡಿ ಸೇರಿದವು. ಕೊನೆಗೆ ಕಾರ್ಖಾನೆ ಅಮೆರಿಕದ ಡೇನಾ ಕಂಪನಿಯ ಕೈಯಲ್ಲಿತ್ತು. 21ನೆಯ ಶತಮಾನದ ಆರಂಭದಲ್ಲಿ ಅದರ ಫೋರ್ಜಿಂಗ್ ಆರ್ಡರ್‌ಗಳನ್ನು ಪುಣೆಯ ಭಾರತ್ ಫೋರ್ಜ್ ಕೊಂಡುಕೊಂಡಿತು. ಲೀಡ್ಸ್‌ನ ಕುಲುಮೆ ಆರಿತು. ಆ ಜಾಗದಲ್ಲಿ 2016ರಲ್ಲಿ ಕರ್ಕ್‌ಸ್ಟಾಲ್ ಫೋರ್ಜ್ ಎಂಬ ಹೆಸರಿನದೇ ರೈಲು ನಿಲ್ದಾಣ ತೆರೆಯಿತು. ನೀರು ಎತ್ತಿ ಬೀಳಿಸುತ್ತಿದ್ದ ಆ ಹಳೆಯ ತೊಲೆಸುತ್ತಿಗೆಗಳನ್ನು ಕೆಡವದೆ ಅಲ್ಲಿಯೇ ಉಳಿಸಿಕೊಂಡಿದ್ದಾರೆ.