ಬಾಗಿಲು ಹಾಕಿ, ಲೈಟ್ ಹಾಕಿ: ಇಂಗ್ಲಿಷ್ ಪದಗಳ ಬಗ್ಗೆ ನನ್ನ ಟಿಪ್ಪಣಿ

ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) ಹುದ್ದೆಯ ಪರೀಕ್ಷೆಗೆ ಓದುವಾಗ ಸಮಾನಾರ್ಥಕ ಪದಗಳ ಉದ್ದ ಪಟ್ಟಿಯೊಂದನ್ನು ಬಾಯಿಪಾಠ ಮಾಡಿದ್ದೆ. ಅದರಲ್ಲಿ ಫೇಮಸ್ ಪಕ್ಕದಲ್ಲೇ ನೊಟೋರಿಯಸ್ ಕೂಡ ಇತ್ತು. ಒಂದು ದಿನ ನಮ್ಮೂರಿನ ಬಗ್ಗೆ ಹತ್ತು ಸಾಲು ಬರೆಯಿರಿ ಅಂದರು. ನಾನು ಧೈರ್ಯವಾಗಿ ‘ದಾವಣಗೆರೆ ಈಸ್ ನೊಟೋರಿಯಸ್ ಫಾರ್ ಬೆಣ್ಣೆ ದೋಸೆ’ ಅಂತ ಬರೆದುಬಿಟ್ಟೆ. ಮೇಷ್ಟ್ರು ಓದಿ, ‘ಯಾಕಪ್ಪಾ, ದೋಸೆ ಯಾರ ಮನೆ ದೋಚಿತು?’ ಅಂದರು. ನೊಟೋರಿಯಸ್ ಅಂದರೂ ಹೆಸರು ಮಾಡಿದ್ದೇ, ಆದರೆ ಕೆಟ್ಟದ್ದಕ್ಕೆ. ನಮ್ಮ ‘ಕುಖ್ಯಾತ’.

ಅವತ್ತಿನಿಂದ ಒಂಟಿ ಪದ ಬರೆದುಕೊಳ್ಳುವುದನ್ನು ಬಿಟ್ಟೆ. ಪದದ ಜೊತೆಗೆ ಅದು ಯಾರ ಸಂಗಡ ಓಡಾಡುತ್ತದೆ ಅನ್ನುವುದನ್ನೂ ಬರೆಯುತ್ತೇನೆ.

ನಮ್ಮ ‘ಜೋರು’ ತಗೊಳ್ಳಿ. ಜೋರು ಮಳೆ ಅಂದರೆ ಹೆವಿ ರೇನ್. ಜೋರು ಗಾಳಿ ಅಂದರೆ ಸ್ಟ್ರಾಂಗ್ ವಿಂಡ್. ಜೋರು ದನಿ ಲೌಡ್, ಗಾಡಿ ಜೋರಾಗಿ ಹೋದರೆ ಫಾಸ್ಟ್, ಇನ್ನು ‘ಅವಳು ಬಹಳ ಜೋರು ಕಣೋ’ ಅಂದರೆ ಈ ನಾಲ್ಕರಲ್ಲಿ ಒಂದೂ ಅಲ್ಲ, ಬಾಸೀ ಅನ್ನಬೇಕಾಗುತ್ತದೆ. ಸ್ಟ್ರಾಂಗ್ ರೇನ್ ಅಂದರೂ ಎದುರಿನವರಿಗೆ ಅರ್ಥವಾಗುತ್ತದೆ, ಆದರೆ ಕಿವಿಗೆ ಕಲ್ಲು ಸಿಕ್ಕ ಅನ್ನದ ಹಾಗೆ. ಟೀ ಮಾತ್ರ ಸ್ಟ್ರಾಂಗೇ, ಅದು ಎಲ್ಲರಿಗೂ ಗೊತ್ತು.

ವಿರುದ್ಧ ಪದದಲ್ಲಿ ಇದು ಇನ್ನೂ ಮಜಾ. ಮನೆಯಲ್ಲಿ ‘ಬಾಗಿಲು ಹಾಕು’ ಅಂತೀವಿ, ‘ಲೈಟ್ ಹಾಕು’ ಅಂತೀವಿ. ಎರಡೂ ಹಾಕುವುದೇ. ಇಂಗ್ಲಿಷ್‌ನಲ್ಲಿ ಮೊದಲನೆಯದು ಕ್ಲೋಸ್, ಎರಡನೆಯದು ಟರ್ನ್ ಆನ್. ‘ತೆಗಿ’ ಅಂದರೆ ಉಲ್ಟಾ: ಬಾಗಿಲು ಓಪನ್ ಆಗುತ್ತದೆ, ಲೈಟ್ ಆಫ್ ಆಗುತ್ತದೆ! ನನ್ನ ರೂಮ್‌ಮೇಟ್ ಒಂದು ವರ್ಷ ‘ಓಪನ್ ದಿ ಲೈಟ್’ ಅಂತಲೇ ಹೇಳುತ್ತಿದ್ದ. ಅದು ಆನ್ ಮಾಡು ಅಂತಲೋ ಆಫ್ ಮಾಡು ಅಂತಲೋ ನಮಗೂ ಗೊತ್ತಾಗುತ್ತಿರಲಿಲ್ಲ.

ಹಾಗಾಗಿ ಒಂದು ಪದಕ್ಕೆ ಒಂದೇ ವಿರುದ್ಧ ಪದ ಅಂತ ಕಲಿಯಬೇಡಿ. ಓಲ್ಡ್ ಮನೆ ಆದರೆ ನ್ಯೂ, ಓಲ್ಡ್ ಮನುಷ್ಯ ಆದರೆ ಯಂಗ್. ಲೈಟ್ ಬ್ಯಾಗ್‌ಗೆ ಹೆವಿ, ಲೈಟ್ ಬಣ್ಣಕ್ಕೆ ಡಾರ್ಕ್. ಶಾರ್ಟ್ ನಮಗೆ ತೊಂದರೆ ಕೊಡುವ ಪದ, ಯಾಕಂದರೆ ಹಗ್ಗವೂ ಗಿಡ್ಡ, ಹುಡುಗನೂ ಗಿಡ್ಡ, ಎರಡಕ್ಕೂ ನಾವು ‘ಉದ್ದ’ ಅಂತಲೇ ವಿರುದ್ಧ ಹೇಳುತ್ತೇವೆ. ಇಂಗ್ಲಿಷಿನವರಿಗೆ ಹಗ್ಗ ಲಾಂಗ್, ಹುಡುಗ ಟಾಲ್. ಹಾಗೇ ಗರಿಗರಿ ಮಂಡಕ್ಕಿ ಕ್ರಿಸ್ಪ್, ಮಳೆಗಾಲದಲ್ಲಿ ಡಬ್ಬಿ ಮುಚ್ಚದೆ ಬಿಟ್ಟ ಮಂಡಕ್ಕಿ ಸಾಗೀ. ಬ್ಯಾಂಕಿನಿಂದ ಬಂದ ಹೊಸ ನೋಟು ಕೂಡ ಕ್ರಿಸ್ಪ್, ಆದರೆ ಕಿಸೆಯಲ್ಲಿ ಮುದುಡಿದ ನೋಟು ಸಾಗೀ ಅಲ್ಲ, ಕ್ರಂಪಲ್ಡ್.

ಸಮಾನಾರ್ಥಕದಲ್ಲಿ ನೋಡಬೇಕಾದದ್ದು ಹೊಗಳುತ್ತಿದೆಯೋ ತೆಗಳುತ್ತಿದೆಯೋ ಅಂತ. ಸ್ಟಬರ್ನ್ ಹಠಮಾರಿ, ಡಿಟರ್ಮಿಂಡ್ ಛಲಗಾರ. ಒನಕೆ ಓಬವ್ವನನ್ನು ಸ್ಟಬರ್ನ್ ಅಂದರೆ ಚಿತ್ರದುರ್ಗದವರು ಸುಮ್ನೆ ಬಿಡ್ತಾರಾ? ಸ್ಲಿಮ್ ಮತ್ತು ಸ್ಕಿನ್ನಿ ಕೂಡ ಹೀಗೇ. ಮೊದಲನೆಯದು ತೆಳ್ಳಗೆ ಚೆಂದ, ಎರಡನೆಯದು ಬಡಕಲು.

ದುರ್ಗದ ಮಾತು ಬಂತಲ್ಲ, ಕೋಟೆಯಿಂದಲೇ ಒಂದು ಕುಟುಂಬ ಕಲಿಯಬಹುದು. ಫೋರ್ಟ್ ಅನ್ನುವುದು ಲ್ಯಾಟಿನ್‌ನ ‘ಫೋರ್ಟಿಸ್’ನಿಂದ ಬಂದದ್ದು. ಅರ್ಥ, ಗಟ್ಟಿ, ಬಲವಾದ. ಫೋರ್ಟಿಫೈ ಅಂದರೆ ಬಲಪಡಿಸು. ರೇಷನ್ ಅಂಗಡಿಯಲ್ಲಿ ಕೊಡುತ್ತಾ ಬಂದ ಸಾರವರ್ಧಿತ ಅಕ್ಕಿ ಫೋರ್ಟಿಫೈಡ್ ರೈಸ್, ಅಂದರೆ ಕಬ್ಬಿಣದ ಅಂಶ ಸೇರಿಸಿ ಬಲ ಕೊಟ್ಟ ಅಕ್ಕಿ. ಫೋರ್ಟಿಟ್ಯೂಡ್ ಅಂದರೆ ಕಷ್ಟ ತಡೆದುಕೊಳ್ಳುವ ಮನೋಬಲ. ಎಫರ್ಟ್ ಅಂದರೆ ಬಲ ಹಾಕುವುದು. ಕಂಫರ್ಟ್ ಕೂಡ ಇದೇ ಮನೆಯದು. ಈಗ ಅದು ಮೆತ್ತನೆ ಸೋಫಾ ನೆನಪಿಸುತ್ತದೆ, ಮೊದಲಿನ ಅರ್ಥ ಮಾತ್ರ ಬಲ ತುಂಬು. ಸಾವಿನ ಮನೆಯಲ್ಲಿ ಸಮಾಧಾನ ಹೇಳುವುದಕ್ಕೂ ಕಂಫರ್ಟ್ ಅನ್ನುವುದು ಯಾಕೆ ಅಂತ ನನಗೆ ಆಗ ಹೊಳೆಯಿತು. ಆದರೆ ಫಾರ್ಚೂನ್, ಫಾರ್ಟಿ, ಎರಡು ವಾರ ಅನ್ನುವ ಅರ್ಥದ ಫೋರ್ಟ್‌ನೈಟ್ ಕೇಳಲು ಹತ್ತಿರ ಅಷ್ಟೇ, ನೆಂಟರಲ್ಲ. ನಮ್ಮ ‘ದುರ್ಗ’ದ ಕಥೆ ಬೇರೆ, ಅದರ ಅರ್ಥ ಹೋಗಲು ಕಷ್ಟವಾದ ಜಾಗ. ಅವರು ಗೋಡೆ ನೋಡಿ ಹೆಸರಿಟ್ಟರು, ನಾವು ಏರುವ ಕಷ್ಟ ನೋಡಿ ಇಟ್ಟೆವು.

ಇನ್ನು, ಪದದ ಮುಂದೆ ಅಕ್ಷರ ಸೇರಿಸಿ ವಿರುದ್ಧ ಮಾಡುವುದು. ‘ಇನ್’ ಅನ್ನುವುದು ಪ, ಬ, ಮ ಮುಂದೆ ‘ಇಮ್’ ಆಗುತ್ತದೆ: ಇಂಪಾಸಿಬಲ್. ಲ ಮುಂದೆ ಇಲ್ಲೀಗಲ್, ರ ಮುಂದೆ ಇರ್ರೆಗ್ಯುಲರ್. ಮಳೆ ಸೇರಿಸು ಕಾಲ ಅಂದರೆ ಮಳೆಗಾಲ ಆಗುತ್ತಲ್ಲ, ಅದೇ ತರ ಬಾಯಿಗೆ ಸುಲಭವಾಗಲಿ ಅಂತ. ‘ಅನ್’ ಮಾತ್ರ ಹಟ ಹಿಡಿದು ಹಾಗೇ ಉಳಿಯುತ್ತದೆ: ಅನ್‌ಪ್ಲೆಸೆಂಟ್, ಅನ್‌ಲಾಫುಲ್. ನಾವು ಸಂಸ್ಕೃತದಿಂದ ಪಡೆದ ಅಸಾಧ್ಯದ ‘ಅ’, ಅನಾರೋಗ್ಯದ ‘ಅನ್’ ಕೂಡ ಇವುಗಳಿಗೆ ದೂರದ ಸಂಬಂಧಿಗಳೇ.

ಇಲ್ಲಿ ಎರಡು ಗುಂಡಿಗಳಿವೆ. ಇನ್‌ವ್ಯಾಲ್ಯುಯಬಲ್ ಅಂದರೆ ಬೆಲೆ ಇಲ್ಲದ್ದಲ್ಲ, ಬೆಲೆ ಕಟ್ಟಲಾಗದ್ದು. ಬೆಲೆ ಇಲ್ಲದ್ದು ವರ್ತ್‌ಲೆಸ್. ಎರಡನೆಯದನ್ನು ನಮ್ಮ ಹೆದ್ದಾರಿಯಲ್ಲೇ ನೋಡಬಹುದು. ಬೆಂಗಳೂರು–ಪುಣೆ ರಸ್ತೆಯಲ್ಲಿ ಹೋಗುವ ಟ್ಯಾಂಕರ್‌ಗಳ ಹಿಂದೆ ‘ಹೈಲಿ ಇನ್‌ಫ್ಲೇಮಬಲ್’ ಅಂತ ಬರೆದಿರುತ್ತದೆ. ‘ಇನ್’ ಇದೆ, ಹಾಗಾದರೆ ಬೆಂಕಿ ಹತ್ತಲ್ಲ ಅಂದುಕೊಂಡು ಪಕ್ಕದಲ್ಲಿ ಬೀಡಿ ಹಚ್ಚಿದರೆ ಕಥೆ ಮುಗಿಯಿತು. ಅದು ಬೇಗ ಹೊತ್ತಿಕೊಳ್ಳುವುದು ಅಂತಲೇ. ಇಲ್ಲಿಯ ‘ಇನ್’ಗೆ ‘ಇಲ್ಲ’ ಅನ್ನುವ ಅರ್ಥವಿಲ್ಲ, ‘ಒಳಗೆ’ ಅನ್ನುವ ಅರ್ಥ. ಫ್ಲೇಮಬಲ್ ಅಂದರೂ ಅದೇ. ಹೊತ್ತಿಕೊಳ್ಳದೇ ಇರುವುದು ನಾನ್‌ಫ್ಲೇಮಬಲ್.

ನನ್ನ ನೋಟ್‌ಬುಕ್‌ನಲ್ಲಿ ಒಂದು ಪುಟಕ್ಕೆ ಒಂದೇ ಕನ್ನಡ ಪದ ಇರುತ್ತದೆ, ಅದರ ಸುತ್ತ ದಿನಾ ಮನೆಯಲ್ಲಿ ಆಡುವ ವಾಕ್ಯಗಳು. ಈ ವಾರದ್ದು ‘ಬಿಡು’. ಬಸ್ ಬಿಡ್ತು, ಅದು ಲೆಫ್ಟ್. ಮಾಮ ಸಿಗರೇಟ್ ಬಿಟ್ಟರು, ಅದು ಕ್ವಿಟ್. ಭದ್ರಾ ನಾಲೆಗೆ ನೀರು ಬಿಟ್ಟರು, ಅದು ರಿಲೀಸ್ಡ್. ‘ಹೋಗ್ಲಿ ಬಿಡು’ ಅನ್ನುವುದಕ್ಕೆ ನೆವರ್ ಮೈಂಡ್ ಅಂತ ಬರೆದು, ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿಟ್ಟಿದ್ದೇನೆ.