ಕರೆದ ಹಾಲಿನ ಬಿಸುಪು: ಶೀತಲಯಂತ್ರ ಬರುವ ಮುನ್ನ

ಕೆಚ್ಚಲಿನಿಂದ ಹೊರಬೀಳುವ ಹಾಲು ಹಸುವಿನ ಮೈಯಷ್ಟೇ ಬೆಚ್ಚಗಿರುತ್ತದೆ, ಅಂದರೆ ಸುಮಾರು 38 ಡಿಗ್ರಿ ಸೆಲ್ಸಿಯಸ್. ಹಾಲನ್ನು ಹುಳಿಯಾಗಿಸುವ ಮತ್ತು ಕೆಡಿಸುವ ಬ್ಯಾಕ್ಟೀರಿಯಾಗಳಲ್ಲಿ ಬಹುಪಾಲಿಗೆ ಹಿತವಾದ ಉಷ್ಣತೆಯೂ ಹೆಚ್ಚುಕಡಿಮೆ ಇದೇ. ಆರೋಗ್ಯವಾಗಿರುವ ಹಸುವಿನ ಕೆಚ್ಚಲಿನೊಳಗಿನ ಹಾಲಿನಲ್ಲಿ ಅವು ತೀರಾ ವಿರಳ. ಆದರೆ ಮೊಲೆತೊಟ್ಟು, ಕರೆಯುವ ಕೈ, ಪಾತ್ರೆಯ ಒಳಮೈ, ಕೊಟ್ಟಿಗೆಯ ಧೂಳು, ಇವೆಲ್ಲವುಗಳಿಂದ ಕರೆಯುವ ಹೊತ್ತಿಗೇ ಒಂದಿಷ್ಟು ಬಂದು ಸೇರಿಕೊಳ್ಳುತ್ತವೆ. ಸಕ್ಕರೆ, ಪ್ರೋಟೀನು, ನೀರು, ಬೆಚ್ಚನೆಯ ವಾತಾವರಣ ಎಲ್ಲವೂ ಒಂದೇ ಪಾತ್ರೆಯಲ್ಲಿ ಸಿಕ್ಕಮೇಲೆ ಅವು ವೃದ್ಧಿಯಾಗದೆ ಇರಲು ಕಾರಣವೇ ಇಲ್ಲ.

ಒಂದು ಬ್ಯಾಕ್ಟೀರಿಯಾ ಅರ್ಧ ಗಂಟೆಗೊಮ್ಮೆ ಎರಡಾಗುತ್ತದೆ ಎಂದು ಊಹಿಸಿಕೊಂಡು ಲೆಕ್ಕ ಹಾಕೋಣ. ಹನ್ನೆರಡು ಗಂಟೆಯಲ್ಲಿ 24 ಸಲ ಇಮ್ಮಡಿಯಾಗಿ, ಒಂದು ಇದ್ದದ್ದು 1 ಕೋಟಿ 67 ಲಕ್ಷ ದಾಟುತ್ತದೆ. ಅದೇ ಹಾಲು ತಣ್ಣಗಿದ್ದು, ಇಮ್ಮಡಿಯಾಗಲು ನಾಲ್ಕು ಗಂಟೆ ಹಿಡಿಯುವಂತಿದ್ದರೆ ಅಷ್ಟೇ ಕಾಲದಲ್ಲಿ ಒಂದು ಎಂಟಾಗುತ್ತದೆ, ಅಷ್ಟೆ. ವಾಸ್ತವದಲ್ಲಿ ಲೆಕ್ಕ ಇಷ್ಟು ನೇರವಾಗಿಲ್ಲ. ಹೊಸದಾಗಿ ಕರೆದ ಹಾಲಿಗೆ ತನ್ನದೇ ಆದ ಕಾವಲಿದೆ. ಲ್ಯಾಕ್ಟೊಪೆರಾಕ್ಸಿಡೇಸ್ ಎಂಬ ಕಿಣ್ವ, ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುವ ಲ್ಯಾಕ್ಟೊಫೆರಿನ್ ಎಂಬ ಪ್ರೋಟೀನು ಮೊದಲಾದವು ಬ್ಯಾಕ್ಟೀರಿಯಾಗಳ ಬೆಳವಣಿಗೆಯನ್ನು ಸ್ವಲ್ಪ ಕಾಲ ತಡೆಹಿಡಿಯುತ್ತವೆ. ಬೆಚ್ಚಗೇ ಉಳಿದ ಹಾಲಿನಲ್ಲಿ ಈ ಕಾವಲು ಕೆಲವೇ ಗಂಟೆಗಳಲ್ಲಿ ಮುಗಿದುಹೋಗುತ್ತದೆ. ಬೇಗ ತಣಿಸಿದ ಹಾಲಿನಲ್ಲಿ ಅದು ಇನ್ನಷ್ಟು ಹೊತ್ತು ಉಳಿಯುತ್ತದೆ. ಆದ್ದರಿಂದ ಹಾಲನ್ನು ಎಷ್ಟು ತಣ್ಣಗೆ ಮಾಡಿದರು ಎಂಬುದರಷ್ಟೇ, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚಾಗಿ, ಎಷ್ಟು ಬೇಗ ಮಾಡಿದರು ಎಂಬುದು ಮುಖ್ಯವಾಗುತ್ತದೆ. ಶೀತಲಯಂತ್ರಗಳಿಲ್ಲದ ಕಾಲದ ಉಪಾಯಗಳನ್ನು ಈ ವೇಗದ ಪ್ರಶ್ನೆಯಿಂದ ನೋಡಿದಾಗ ಮಾತ್ರ ಅವುಗಳ ಜಾಣತನ ಕಾಣುತ್ತದೆ.

ಹಾಲಿನಿಂದ ಹೊರತೆಗೆಯಬೇಕಾದ ಶಾಖವೇನೂ ಕಡಿಮೆಯಲ್ಲ. ಒಂದು ಕಿಲೋಗ್ರಾಂ ಹಾಲನ್ನು ಒಂದು ಡಿಗ್ರಿ ಇಳಿಸಲು ಸುಮಾರು 3.9 ಕಿಲೋಜೌಲ್ ಶಾಖವನ್ನು ತೆಗೆಯಬೇಕು. ನಲವತ್ತು ಲೀಟರಿನ ಒಂದು ಕ್ಯಾನ್ ಹಾಲನ್ನು 38ರಿಂದ 10 ಡಿಗ್ರಿಗೆ ತರಲು ಸುಮಾರು 4,500 ಕಿಲೋಜೌಲ್ ಆಗುತ್ತದೆ. ಇದನ್ನು ಗಾಳಿಗೆ ಬಿಟ್ಟುಕೊಟ್ಟು ಕೂತರೆ ರಾತ್ರಿಯೆಲ್ಲ ಕಾಯಬೇಕು, ಏಕೆಂದರೆ ನಿಶ್ಚಲವಾದ ಗಾಳಿ ಶಾಖವನ್ನು ಸಾಗಿಸುವುದರಲ್ಲಿ ಬಹಳ ಸೋಮಾರಿ. ನೀರಿನ ಉಷ್ಣವಾಹಕತೆ ಗಾಳಿಯದಕ್ಕಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು, ಒಂದು ಲೀಟರ್ ನೀರು ಹೀರಿಕೊಳ್ಳುವ ಶಾಖವಂತೂ ಅಷ್ಟೇ ಗಾತ್ರದ ಗಾಳಿ ಹೀರುವುದಕ್ಕಿಂತ ಸಾವಿರಾರು ಪಟ್ಟು ಹೆಚ್ಚು. ಹೀಗಾಗಿ 5 ಡಿಗ್ರಿಯ ಚಳಿಗಾಳಿಯಲ್ಲಿಟ್ಟ ಕ್ಯಾನಿಗಿಂತ 12 ಡಿಗ್ರಿಯ ಹರಿಯುವ ನೀರಿನಲ್ಲಿಟ್ಟ ಕ್ಯಾನ್ ಮೊದಲ ಒಂದೆರಡು ಗಂಟೆಗಳಲ್ಲಿ ಎಷ್ಟೋ ಮುಂದಿರುತ್ತದೆ.

ಇಂಥ ನೀರು ದೊರೆಯುತ್ತಿದ್ದುದು ನೆಲದಡಿಯಿಂದ. ಹತ್ತು ಹದಿನೈದು ಮೀಟರ್ ಆಳಕ್ಕಿಳಿದರೆ ಬೇಸಿಗೆ ಚಳಿಗಾಲಗಳ ಏರಿಳಿತ ಬಹುಮಟ್ಟಿಗೆ ಅಳಿಸಿಹೋಗಿ, ಆ ಊರಿನ ಇಡೀ ವರ್ಷದ ಸರಾಸರಿ ಉಷ್ಣತೆಗೆ ಸಮೀಪವಾದ ಒಂದೇ ಉಷ್ಣತೆ ಉಳಿಯುತ್ತದೆ. ಸಮಶೀತೋಷ್ಣ ವಲಯದಲ್ಲಿ ಅದು ಹತ್ತರಿಂದ ಹದಿಮೂರು ಡಿಗ್ರಿಯ ಆಸುಪಾಸು. ಅಮೆರಿಕದ ಪೆನ್ಸಿಲ್ವೇನಿಯಾ ಮತ್ತು ಅಪಲಾಚಿಯನ್ ಬೆಟ್ಟಸೀಮೆಯ ರೈತರು ಒರತೆ ಉಕ್ಕುವ ಜಾಗದ ಮೇಲೆಯೇ ದಪ್ಪ ಕಲ್ಲಿನ ಗೋಡೆಯ ಪುಟ್ಟ ಮನೆ ಕಟ್ಟಿ, ಒಳಗೆ ನೀರು ಹರಿದುಹೋಗಲು ಕಲ್ಲಿನ ತೊಟ್ಟಿಗಳನ್ನು ಮಾಡಿ, ಅದರಲ್ಲಿ ಹಾಲಿನ ಪಾತ್ರೆಗಳನ್ನು ಇಳಿಬಿಡುತ್ತಿದ್ದರು. ಇದಕ್ಕೆ ಸ್ಪ್ರಿಂಗ್‌ಹೌಸ್ ಎಂದು ಹೆಸರು. ಕಲ್ಲಿನ ಗೋಡೆ ಇಲ್ಲಿ ತಂಪನ್ನು ಹುಟ್ಟಿಸುವುದಿಲ್ಲ, ಹೊರಗಿನ ಬಿಸಿಲು ಒಳಗೆ ಬರದಂತೆ ತಡೆಯುತ್ತದೆ. ತಂಪಿನ ಕೆಲಸವೆಲ್ಲ ನೀರಿನದು. ನೀರು ಹರಿಯುತ್ತಲೇ ಇರಬೇಕೆಂಬುದಕ್ಕೂ ಲೆಕ್ಕವಿದೆ: 11 ಡಿಗ್ರಿಯ 120 ಲೀಟರ್ ನಿಂತ ನೀರಿನಲ್ಲಿ 38 ಡಿಗ್ರಿಯ 40 ಲೀಟರ್ ಹಾಲಿನ ಕ್ಯಾನ್ ಇಟ್ಟರೆ, ಎರಡೂ ಸಮಗೊಳ್ಳುವಾಗ ಉಷ್ಣತೆ 17 ಡಿಗ್ರಿಗಿಂತ ಕೆಳಗೆ ಹೋಗುವುದೇ ಇಲ್ಲ. ಹರಿಯುವ ನೀರು ಬಿಸಿಯಾದ ಪದರವನ್ನು ಪಾತ್ರೆಯ ಮೈಯಿಂದ ಆಗಾಗ ಕಿತ್ತೊಯ್ದು ಹೊಸ ತಣ್ಣೀರನ್ನು ತಂದೊಡ್ಡುತ್ತದೆ.

ಉಷ್ಣವಲಯದ ನಾಡುಗಳಲ್ಲಿ ನೆಲದಡಿಯ ನೀರೇ 25 ಡಿಗ್ರಿ ದಾಟಿರುವುದರಿಂದ ಈ ಉಪಾಯ ಅಲ್ಲಿ ಹೆಚ್ಚು ಸಾಗದು. ಅಂಥ ಕಡೆ ಜನ ಹಾಲನ್ನು ಕಾಯಿಸುವ ಅಥವಾ ಹೆಪ್ಪುಹಾಕುವ ಬೇರೆಯದೇ ದಾರಿ ಹಿಡಿದರು.

ಹೊರಗಿನ ನೀರು ಎಷ್ಟೇ ತಣ್ಣಗಿದ್ದರೂ ಪಾತ್ರೆಯ ಒಳಗೆ ಇನ್ನೊಂದು ತೊಡಕಿದೆ. ಗೋಡೆಗೆ ತಾಗಿದ ಹಾಲು ತಣಿದು ಭಾರವಾಗಿ ಕೆಳಗಿಳಿಯುತ್ತದೆ, ಬಿಸಿಹಾಲು ಮೇಲೆ ಸೇರುತ್ತದೆ. ಸ್ವಲ್ಪ ಹೊತ್ತಿನ ಬಳಿಕ ತಳ ತಣ್ಣಗೆ, ಕೊರಳು ಬೆಚ್ಚಗೆ ಎಂಬ ಸ್ಥಿತಿಯುಂಟಾಗಿ ಒಳಗಿನ ಚಲನೆ ನಿಂತೇಹೋಗುತ್ತದೆ. ಆದ್ದರಿಂದಲೇ ಹೊರಗಿನ ನೀರಿನ ಮಟ್ಟ ಒಳಗಿನ ಹಾಲಿನ ಮಟ್ಟಕ್ಕಿಂತ ಮೇಲಿರಬೇಕು, ಆಗಾಗ ಹಾಲನ್ನು ಕಲಕಬೇಕು ಎಂಬ ನಿಯಮಗಳು ಬಂದವು. ಸಂಜೆ ತಣಿಸಿಟ್ಟ ಹಾಲಿಗೆ ಬೆಳಗಿನ ಬಿಸಿಹಾಲನ್ನು ಸುರಿಯಬಾರದೆಂಬ ನಿಯಮವಂತೂ ಎಲ್ಲಕ್ಕಿಂತ ಮುಖ್ಯವಾದದ್ದು. ಹಾಗೆ ಸುರಿದರೆ ರಾತ್ರಿಯೆಲ್ಲ ಮೆಲ್ಲಗೆ ಬೆಳೆದಿದ್ದ ಬ್ಯಾಕ್ಟೀರಿಯಾಗಳಿಗೆ ಒಮ್ಮೆಲೇ ಬೆಚ್ಚನೆಯ ಹೊಸ ಆಹಾರ ಒದಗುತ್ತದೆ.

ಕೆನೆಗೂ ತಂಪಿಗೂ ಇರುವ ನಂಟು ಇನ್ನೂ ಸ್ವಾರಸ್ಯಕರ. ಮೊದಲೆಲ್ಲ ಬೆಣ್ಣೆಗಾಗಿ ಹಾಲನ್ನು ಅಗಲವಾದ ತಟ್ಟೆಗಳಲ್ಲಿ ಐದರಿಂದ ಹತ್ತು ಸೆಂಟಿಮೀಟರ್ ಆಳಕ್ಕೆ ಸುರಿದು, ಉತ್ತರ ದಿಕ್ಕಿನ ತಂಪು ಕೋಣೆಯ ಕಲ್ಲಿನ ಹಲಗೆಯ ಮೇಲೆ ಒಂದೂವರೆ ದಿನ, ಎರಡು ದಿನ ಬಿಡುತ್ತಿದ್ದರು. ಕೆನೆ ಬರುವ ಹೊತ್ತಿಗೆ ಕೆಳಗಿನ ಹಾಲು ಎಷ್ಟೋ ಸಲ ಹುಳಿಯಾಗಿರುತ್ತಿತ್ತು. 1860ರ ದಶಕದಲ್ಲಿ ಸ್ವೀಡನ್ನಿನ ಜೆ. ಜಿ. ಸ್ವಾರ್ಟ್ಸ್ ಇದಕ್ಕೆ ತದ್ವಿರುದ್ಧವಾದ ಕ್ರಮವನ್ನು ಪ್ರಚಾರಕ್ಕೆ ತಂದರು: ಆಳವಾದ ಲೋಹದ ಕ್ಯಾನುಗಳಲ್ಲಿ ಹಾಲು ತುಂಬಿ, ಮಂಜುಗಡ್ಡೆ ಹಾಕಿದ ನೀರಿನಲ್ಲಿ ಮುಳುಗಿಸಿಡುವುದು. ಭೌತವಿಜ್ಞಾನದ ಸರಳ ಸೂತ್ರದ ಪ್ರಕಾರ ಇದು ಸೋಲಬೇಕಿತ್ತು. ತಣ್ಣನೆಯ ಹಾಲಿನ ಸ್ನಿಗ್ಧತೆ, ಅಂದರೆ ಹರಿವಿಗೆ ಅಡ್ಡಿಯೊಡ್ಡುವ ಮಂದತನ, ಹೆಚ್ಚು, ಅದರಲ್ಲಿ ಕೆಲವೇ ಮೈಕ್ರೋಮೀಟರ್ ಅಗಲದ ಕೊಬ್ಬಿನ ಗೋಲಿಗಳು ಮೇಲೇರಬೇಕಾದ ದಾರಿಯೂ ದೂರ. ಆದರೂ ಕೆನೆ ಒಂದು ದಿನದೊಳಗೇ ಚೆನ್ನಾಗಿ ಕಟ್ಟುತ್ತಿತ್ತು, ಹಾಲು ಸಿಹಿಯಾಗಿಯೇ ಉಳಿಯುತ್ತಿತ್ತು. ಇದರ ಗುಟ್ಟು ಬಹಳ ಕಾಲದ ನಂತರ ಬಯಲಾಯಿತು. ಹಸುವಿನ ಹಾಲಿನಲ್ಲಿರುವ ಕೆಲವು ಪ್ರತಿಕಾಯ ಪ್ರೋಟೀನುಗಳು ಹಾಲು ತಣಿದಂತೆ ಕೊಬ್ಬಿನ ಗೋಲಿಗಳಿಗೆ ಅಂಟಿಕೊಂಡು ಅವನ್ನು ಗೊಂಚಲು ಗೊಂಚಲಾಗಿ ಕೂಡಿಸುತ್ತವೆ. ದೊಡ್ಡ ಗೊಂಚಲು ಬಿಡಿಗೋಲಿಗಿಂತ ಎಷ್ಟೋ ಪಟ್ಟು ವೇಗವಾಗಿ ಮೇಲೇರುತ್ತದೆ. ಎಮ್ಮೆ, ಆಡುಗಳ ಹಾಲಿನಲ್ಲಿ ಈ ಕೂಡಿಸುವ ಗುಣ ಅಷ್ಟಾಗಿ ಇಲ್ಲ. ಸ್ವಾರ್ಟ್ಸರ ಕ್ರಮಕ್ಕೆ ಹೆಚ್ಚು ಆಯುಸ್ಸು ಸಿಗಲಿಲ್ಲ. 1878ರಲ್ಲಿ ಅವರದೇ ನಾಡಿನ ಗುಸ್ತಾಫ್ ಡಿ ಲಾವಲ್ ಹಾಲನ್ನು ಗಿರಗಿರನೆ ತಿರುಗಿಸಿ ಕೆನೆ ಬೇರ್ಪಡಿಸುವ ಯಂತ್ರವನ್ನು ತಂದಮೇಲೆ ಕೆನೆಗಾಗಿ ಕಾಯುವ ಅಗತ್ಯವೇ ಉಳಿಯಲಿಲ್ಲ.

ಮಂಜುಗಡ್ಡೆಯ ಬಲ ಅದರ ಗುಪ್ತೋಷ್ಣದಲ್ಲಿದೆ. ಒಂದು ಕಿಲೋ ಮಂಜುಗಡ್ಡೆ ಕರಗುವಾಗಲೇ 334 ಕಿಲೋಜೌಲ್ ಹೀರುತ್ತದೆ. ಮೇಲೆ ಹೇಳಿದ ಒಂದು ಕ್ಯಾನ್ ಹಾಲಿಗೆ ಹನ್ನೆರಡು ಕಿಲೋ ಮಂಜುಗಡ್ಡೆ ಸಾಕಾಗಬಹುದು, ಅದೂ ಏನೂ ಪೋಲಾಗದಿದ್ದರೆ. ಚಳಿಗಾಲದಲ್ಲಿ ಕೆರೆಗಳಿಂದ ಕೊಯ್ದು ಮರದ ಹೊಟ್ಟಿನಲ್ಲಿ ಹುದುಗಿಸಿ ಬೇಸಿಗೆಯವರೆಗೆ ಉಳಿಸಿಕೊಳ್ಳಬಲ್ಲ ನಾಡುಗಳಿಗೆ ಮಾತ್ರ ಈ ಅನುಕೂಲವಿತ್ತು. ಆವಿಯಾಗುವ ನೀರಿನ ಲೆಕ್ಕ ಇದಕ್ಕಿಂತಲೂ ಆಕರ್ಷಕವಾಗಿ ಕಾಣುತ್ತದೆ: ಎರಡು ಲೀಟರಿಗೂ ಕಡಿಮೆ ನೀರು ಆವಿಯಾದರೆ ಅದೇ 4,500 ಕಿಲೋಜೌಲ್ ಹೋಗುತ್ತದೆ. ಆದರೆ ಒದ್ದೆ ಬಟ್ಟೆ ಸುತ್ತಿದ ಪಾತ್ರೆಯಿಂದ ಅಷ್ಟು ನೀರು ಆವಿಯಾಗಲು ಗಂಟೆಗಟ್ಟಲೆ ಹಿಡಿಯುತ್ತದೆ. ಜೊತೆಗೆ ಸುತ್ತಲಿನ ಗಾಳಿಯಿಂದ ಶಾಖ ಒಳಗೆ ಬರುತ್ತಲೇ ಇರುತ್ತದೆ. ತೇವಾಂಶ ಹೆಚ್ಚಿರುವ ದಿನ ಅದು ಹೆಚ್ಚುಕಡಿಮೆ ಕೈಕೊಡುತ್ತದೆ. ತಣ್ಣಗಾದದ್ದನ್ನು ಹಾಗೆಯೇ ಕಾಯ್ದಿಡಲು ಒದ್ದೆ ಬಟ್ಟೆ ಒಳ್ಳೆಯದು, ಬಿಸಿಹಾಲನ್ನು ಬೇಗ ಇಳಿಸಲು ಅಲ್ಲ.

ನನ್ನ ಮಟ್ಟಿಗೆ ಈ ಕಾಲದ ಅತ್ಯಂತ ಚುರುಕಾದ ಉಪಕರಣವೆಂದರೆ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬಳಕೆಗೆ ಬಂದ ಮೇಲ್ಮೈ ಕೂಲರ್. ತವರ ಲೇಪಿಸಿದ ತಾಮ್ರದ ಸುಕ್ಕುಸುಕ್ಕಾದ ಫಲಕವನ್ನು ನೆಟ್ಟಗೆ ನಿಲ್ಲಿಸಿ, ಅದರ ಹೊರಮೈ ಮೇಲೆ ಹಾಲು ತೆಳ್ಳಗೆ ಹರಿದಿಳಿಯುವಂತೆ, ಒಳಗೆ ಬಾವಿಯ ನೀರು ಕೆಳಗಿನಿಂದ ಮೇಲಕ್ಕೆ ಏರುವಂತೆ ಮಾಡಲಾಗುತ್ತಿತ್ತು. ಶಾಖ ಒಂದು ಪದರವನ್ನು ದಾಟಲು ಬೇಕಾದ ಕಾಲ ಪದರದ ದಪ್ಪದ ವರ್ಗಕ್ಕೆ ಅನುಗುಣವಾಗಿರುತ್ತದೆ; ದಪ್ಪ ಹತ್ತನೆಯ ಒಂದು ಭಾಗಕ್ಕಿಳಿದರೆ ಕಾಲ ನೂರನೆಯ ಒಂದು ಭಾಗಕ್ಕಿಳಿಯುತ್ತದೆ. ಕ್ಯಾನಿನಲ್ಲಿ ಗಂಟೆಗಳು ಹಿಡಿಯುವ ಕೆಲಸ ಮಿಲಿಮೀಟರ್ ದಪ್ಪದ ಪದರದಲ್ಲಿ ಕೆಲವೇ ಸೆಕೆಂಡುಗಳಲ್ಲಿ ಮುಗಿಯುತ್ತದೆ. ಎದುರುಬದುರು ಹರಿವಿನ ಲಾಭ ಬೇರೆಯೇ ಇದೆ. ಅತ್ಯಂತ ತಣ್ಣನೆಯ ನೀರು ಭೇಟಿಯಾಗುವುದು ಆಗಲೇ ತಣಿದಿರುವ ಹಾಲನ್ನು, ಬೆಚ್ಚಗಾದ ನೀರು ಭೇಟಿಯಾಗುವುದು ಆಗಷ್ಟೇ ಬಂದ ಬಿಸಿಹಾಲನ್ನು. ಹೀಗೆ ಉದ್ದಕ್ಕೂ ಉಷ್ಣತೆಯ ವ್ಯತ್ಯಾಸ ಉಳಿದು, ಒಳಬರುವ ನೀರಿಗಿಂತ ಕೆಲವೇ ಡಿಗ್ರಿ ಹೆಚ್ಚಿರುವ ಹಾಲು ಕೆಳಗೆ ಸಿಗುತ್ತದೆ. ಕುಂದುಗಳೂ ಇದ್ದವು. ಹಾಲು ಬಯಲಲ್ಲಿ ಹರಿಯುವುದರಿಂದ ಧೂಳು, ನೊಣಗಳಿಗೆ ತೆರೆದಿರುತ್ತಿತ್ತು. ತವರ ಸವೆದು ತಾಮ್ರ ಇಣುಕಿದರೆ ಆ ಲೋಹ ಹಾಲಿನ ಕೊಬ್ಬಿನ ಉತ್ಕರ್ಷಣಕ್ಕೆ, ಅಂದರೆ ಕೊಬ್ಬು ಆಮ್ಲಜನಕದೊಂದಿಗೆ ಕೂಡಿ ಕೆಡುವುದಕ್ಕೆ, ಇಂಬುಕೊಟ್ಟು ಹಾಲಿಗೆ ಅಡ್ಡರುಚಿ ಬರುತ್ತಿತ್ತು.

ಲಂಡನ್ನಿನಂಥ ನಗರಕ್ಕೆ ದೂರದ ಹಾಲು ಬರತೊಡಗಿದಾಗ ಈ ವೇಗದ ಬೆಲೆ ಗೊತ್ತಾಯಿತು. 1865ರ ದನದ ಪಿಡುಗಿನಲ್ಲಿ ನಗರದ ಕೊಟ್ಟಿಗೆಗಳ ಹಸುಗಳು ದೊಡ್ಡ ಸಂಖ್ಯೆಯಲ್ಲಿ ಸತ್ತವು. ಅದರ ಹಿಂದಿನ ವರ್ಷವಷ್ಟೇ ಜಾರ್ಜ್ ಬರ್ಹ್ಯಾಮ್ ಹಳ್ಳಿಯ ಹಾಲನ್ನು ರೈಲಿನಲ್ಲಿ ತರಿಸಿ ಮಾರುವ ಕಂಪನಿಯನ್ನು ಆರಂಭಿಸಿದ್ದರು. ಬೆಚ್ಚಗೆ ರೈಲು ಹತ್ತಿದ ಹಾಲು ಕುಲುಕಾಡುತ್ತ ಹುಳಿಯಾಗಿ ಇಳಿಯುವ ಸಂಭವವಿದ್ದುದರಿಂದ, ಹೊಲಮನೆಯಲ್ಲೇ ತಣಿಸಿ ಕಳಿಸುವುದು ವ್ಯಾಪಾರದ ಷರತ್ತೇ ಆಯಿತು.

ಹೀಗೆ ಮಾಡುತ್ತಿದ್ದವರು ಕೊಡುತ್ತಿದ್ದ ಕಾರಣ ಮಾತ್ರ ಹಲವು ಸಲ ತಪ್ಪಾಗಿತ್ತು. ಹಾಲಿನಲ್ಲಿ ‘ಪ್ರಾಣಿಯ ಕಾವು’ ಎಂಬ ಕೆಟ್ಟ ಅಂಶವಿದೆ, ಅದನ್ನು ಗಾಳಿಗೆ ಬಿಟ್ಟು ಓಡಿಸಬೇಕು ಎಂದು ಹಾಲಿನ ಉದ್ಯಮದ ಕೈಪಿಡಿಗಳೇ ಹೇಳುತ್ತಿದ್ದವು. ಗುಡುಗಿಗೆ ಹಾಲು ಒಡೆಯುತ್ತದೆಂಬ ನಂಬಿಕೆಯೂ ವ್ಯಾಪಕವಾಗಿತ್ತು. ಗುಡುಗಿಗೆ ಮುನ್ನ ಕವಿಯುವ ಸೆಕೆಯೇ ಅದಕ್ಕೆ ಕಾರಣವೆನ್ನಲು ಅಡ್ಡಿಯಿಲ್ಲ. ರಷ್ಯಾದ ಹಳ್ಳಿಗಳಲ್ಲಿ ಹಾಲಿನ ಪಾತ್ರೆಗೆ ಕಪ್ಪೆಯನ್ನು ಬಿಡುತ್ತಿದ್ದರಂತೆ. ಕಪ್ಪೆ ಹಾಲನ್ನು ತಣಿಸುವುದಿಲ್ಲ, ಆದರೆ ಆ ಜಾತಿಯ ಕಪ್ಪೆಯ ಚರ್ಮದಲ್ಲಿ ಬ್ಯಾಕ್ಟೀರಿಯಾಗಳನ್ನು ತಡೆಯುವ ಹಲವು ಪೆಪ್ಟೈಡುಗಳು, ಅಂದರೆ ಪ್ರೋಟೀನಿನಂಥ ಪುಟ್ಟ ಅಣುಗಳು, ಇರುವುದನ್ನು ಮಾಸ್ಕೋದ ವಿಜ್ಞಾನಿಗಳು 2012ರಲ್ಲಿ ವರದಿ ಮಾಡಿದ್ದಾರೆ. ಹಾಲು ಹುಳಿಯಾಗುವುದು ಸೂಕ್ಷ್ಮಜೀವಿಗಳ ಕೆಲಸವೆಂದು ಲೂಯಿ ಪಾಶ್ಚರ್ 1857ರಲ್ಲಿ ತೋರಿಸಿದ ಮೇಲೂ ಹಳೆಯ ವಿವರಣೆಗಳು ದಶಕಗಳ ಕಾಲ ಉಳಿದವು.

ತಂಪು ಬ್ಯಾಕ್ಟೀರಿಯಾಗಳನ್ನು ಕೊಲ್ಲುವುದಿಲ್ಲ ಎಂಬುದನ್ನಂತೂ ಮರೆಯುವಂತಿಲ್ಲ. ಹಸುವಿನಿಂದ ಬರುವ ಕ್ಷಯದ ರೋಗಾಣು ತಣ್ಣನೆಯ ಹಾಲಿನಲ್ಲಿ ಬೆಳೆಯದಿದ್ದರೂ ಬದುಕಿರುತ್ತದೆ, ಕುಡಿದವರನ್ನು ಮುಟ್ಟುತ್ತದೆ. ಒರತೆಯ ನೀರಿನಲ್ಲಿ ಎಷ್ಟು ಅಚ್ಚುಕಟ್ಟಾಗಿ ತಣಿಸಿದ ಹಾಲೂ ಆ ವಿಷಯದಲ್ಲಿ ಸುರಕ್ಷಿತವಾಗಿರಲಿಲ್ಲ. ಹಾಲನ್ನು ಹದವಾಗಿ ಕಾಯಿಸಿ ರೋಗಾಣುಗಳನ್ನು ಕೊಲ್ಲುವ ಪಾಶ್ಚರೀಕರಣ ರೂಢಿಗೆ ಬಂದಮೇಲೆಯೇ ಆ ಭಯ ಇಳಿದದ್ದು.

ಶೀತಲಯಂತ್ರ ಹೊಲಮನೆಗೆ ಬಂದಮೇಲೂ ಬಾವಿನೀರು ಕೆಲಸ ಬಿಟ್ಟಿಲ್ಲ. ದೊಡ್ಡ ಹೈನುಮನೆಗಳಲ್ಲಿ ಕರೆದ ಹಾಲು ಶೀತಲ ಟ್ಯಾಂಕಿಗೆ ಹೋಗುವ ಮುನ್ನ ತೆಳ್ಳನೆಯ ಲೋಹದ ಹಾಳೆಗಳ ನಡುವೆ ಹರಿಯುತ್ತದೆ, ಪಕ್ಕದ ಸಂದುಗಳಲ್ಲಿ ಬಾವಿಯ ನೀರು ಎದುರು ದಿಕ್ಕಿನಲ್ಲಿ ಹರಿಯುತ್ತದೆ; ಮೇಲ್ಮೈ ಕೂಲರಿನ ತತ್ವವೇ, ಆದರೆ ಮುಚ್ಚಿದ ಸಂದುಗಳಲ್ಲಿ. ಹೀಗೆ ಹಾಲಿನ ಶಾಖದ ಅರ್ಧದಷ್ಟನ್ನೋ ಅದಕ್ಕೂ ಹೆಚ್ಚನ್ನೋ ನೀರೇ ಒಯ್ಯುವುದರಿಂದ ಯಂತ್ರದ ವಿದ್ಯುತ್ ಖರ್ಚು ಇಳಿಯುತ್ತದೆ. ಬೆಚ್ಚಗಾಗಿ ಹೊರಬಂದ ಆ ನೀರನ್ನು ಹಲವು ಕಡೆ ಹಸುಗಳಿಗೇ ಕುಡಿಯಲು ಬಿಡುತ್ತಾರೆ.