ಒಂದಕ್ಕೆ ಹುಳಿ ಬೇಕು, ಇನ್ನೊಂದಕ್ಕೆ ಹುಳಿ ಆಗದು

ಸೋಮವಾರಪೇಟೆಯ ನಮ್ಮ ಚಿಕ್ಕಮ್ಮ ಕಳೆದ ಮಳೆಗಾಲದಲ್ಲಿ ಒಂದು ಗ್ಯಾಸ್ಟ್ರಿಕ್ ಕ್ಯಾಪ್ಸೂಲನ್ನು ಬಿಚ್ಚಿ ತಟ್ಟೆಗೆ ಸುರಿದಿದ್ದರು. ಸಾಸಿವೆಯಂಥ ಕಾಳುಗಳು, ಎರಡು ಬಣ್ಣ. "ಎರಡು ಔಷಧಿ ಅಂತೆ. ಒಂದು 20 ಮಿಲಿಗ್ರಾಂ, ಇನ್ನೊಂದು 30. ಅಷ್ಟೇ ಇದೆ ಅಂತ ನಿಂಗೆ ಹೇಗೆ ಗೊತ್ತಾಗುತ್ತೆ?"

ಬಣ್ಣ ನೋಡಿ ಆರಿಸಿ ತೂಕ ಹಾಕಿದರಾಯ್ತು ಅನ್ನುವುದು ಅವರ ಲೆಕ್ಕ. ಕಾಳುಮೆಣಸು ಆರಿಸಿದ ಕೈ ಅಲ್ವಾ? ಆದರೆ ಆ ಕಾಳಿನಲ್ಲಿ ಸಕ್ಕರೆ, ಲೇಪ ಎಲ್ಲ ಸೇರಿರುತ್ತದೆ. ತೂಕ ಔಷಧಿಯ ಲೆಕ್ಕ ಹೇಳುವುದಿಲ್ಲ.

ಮೈಸೂರಿನ ಲ್ಯಾಬಿನಲ್ಲಿ ನಾವು ಇದಕ್ಕೆ ಮಿಶ್ರಣವನ್ನು ಬೇರ್ಪಡಿಸಿ ಅಳೆಯುವ ಯಂತ್ರವಾದ ಎಚ್‌ಪಿಎಲ್‌ಸಿ ಬಳಸುತ್ತೇವೆ. ಗೇಣುದ್ದದ ಸ್ಟೀಲ್ ಕೊಳವೆ, ಒಳಗೆ ಒತ್ತಿ ತುಂಬಿದ ಸಿಲಿಕಾ ಪುಡಿ. ಔಷಧಿಯ ದ್ರಾವಣ ಅದರೊಳಗೆ ಹಾಯುವಾಗ ಒಂದು ಬೇಗ ಹೊರಬರುತ್ತದೆ, ಇನ್ನೊಂದು ಅಂಟಿಕೊಂಡು ತಡವಾಗಿ ಬರುತ್ತದೆ. ಎರಡನ್ನೂ 284 ನ್ಯಾನೋಮೀಟರ್ ಅತಿನೇರಳೆ ಬೆಳಕಿನಲ್ಲಿ ನೋಡಬಹುದು. ಕಂಪ್ಯೂಟರಿನಲ್ಲಿ ಎರಡು ಗುಡ್ಡ ಮೂಡುತ್ತವೆ. ಗುಡ್ಡದ ವಿಸ್ತೀರ್ಣವೇ ಔಷಧಿಯ ಅಳತೆ.

ಕೇಳಲು ಸಲೀಸು. ಆದರೆ ಈ ಕ್ಯಾಪ್ಸೂಲಿನಲ್ಲಿರುವ ರಾಬಿಪ್ರಜೋಲ್ (ಹೊಟ್ಟೆಯ ಆಮ್ಲ ತಗ್ಗಿಸುವುದು) ಮತ್ತು ಡೊಂಪೆರಿಡೋನ್ (ವಾಂತಿ ತಡೆಯುವುದು) ಜೋಡಿ ಒಂದೇ ಮನೆಯಲ್ಲಿರುವ ಜಗಳಗಂಟರ ಹಾಗೆ. ಡೊಂಪೆರಿಡೋನಿಗೆ ಹುಳಿ ದ್ರಾವಣ ಬೇಕು, ಆಗ ಚೆನ್ನಾಗಿ ಕರಗುತ್ತದೆ, ಗುಡ್ಡವೂ ಚೂಪಾಗುತ್ತದೆ. ರಾಬಿಪ್ರಜೋಲಿಗೆ ಹುಳಿ ತಾಗಿದರೆ ಸಾಕು, ಬಣ್ಣ ತಿರುಗಿ ಒಡೆದುಹೋಗುತ್ತದೆ. ಅದಕ್ಕೇ ಅದರ ಕಾಳಿಗೆ ಹೊಟ್ಟೆಯ ಆಮ್ಲ ತಾಗದ ಹಾಗೆ ಲೇಪ ಕೊಟ್ಟಿರುತ್ತಾರೆ. ಆ ಲೇಪ ಕೆರೆದು, ನಮ್ಮ ಕೊಡಗಿನ ಹುಳಿರಸ ಕಾಚಂಪುಳಿಯ ಒಂದು ಹನಿ ಬಿಟ್ಟರೂ ಕೆಡುತ್ತದೆ. ಹಾಗಂತ ಕ್ಷಾರ ಜಾಸ್ತಿ ಮಾಡೋಣ ಅಂದರೆ ಪಿಎಚ್ (ಹುಳಿ-ಕ್ಷಾರದ ಅಳತೆ) 8 ದಾಟಿದ ಮೇಲೆ ಕೊಳವೆಯೊಳಗಿನ ಸಿಲಿಕಾವೇ ಸವೆಯತೊಡಗುತ್ತದೆ. ಕೊನೆಗೆ 7ರ ಆಸುಪಾಸಿನಲ್ಲಿ ನಿಂತೆವು. ಅಲ್ಲಿ ಡೊಂಪೆರಿಡೋನಿನ ಗುಡ್ಡಕ್ಕೆ ಬಾಲ ಬೆಳೆಯಿತು. ಚೂರು ಟ್ರೈಈಥೈಲಮೀನ್ ಎಂಬ ಕ್ಷಾರ ಹಾಕಿದ ಮೇಲೆ ಬಾಲ ತಗ್ಗಿತು.

ನಿಜವಾಗಿ ನನ್ನನ್ನು ಸತಾಯಿಸಿದ್ದು ಮೆಷಿನ್ ಅಲ್ಲ. ಮೊದಲ ಮೂರು ಸಲವೂ ಡೊಂಪೆರಿಡೋನ್ ನೂರಕ್ಕೆ 92ರಷ್ಟೇ ಸಿಕ್ಕಿತು. ಕೊಳವೆ ಬದಲಿಸಿದೆ, ಪಂಪ್ ತೊಳೆದೆ, ಕಂಪನಿಯವರನ್ನೂ ಮನಸ್ಸಿನಲ್ಲಿ ಬೈದುಕೊಂಡೆ. ತಪ್ಪು ನನ್ನದೇ. ಆ ಕಾಳು ನಿಧಾನವಾಗಿ ಬಿಡುಗಡೆಯಾಗಲೆಂದೇ ಮಾಡಿದ್ದು. ಸುಮ್ನೆ ಮೆಥನಾಲಿನಲ್ಲಿ ಅಲ್ಲಾಡಿಸಿದರೆ ಪೂರ್ತಿ ಬಿಟ್ಟುಕೊಡುತ್ತದೆಯೇ? 20 ಕ್ಯಾಪ್ಸೂಲಿನ ಕಾಳನ್ನು ಕಲ್ಲಿನಲ್ಲಿ ನುಣ್ಣಗೆ ಅರೆದು, ಅರ್ಧ ಗಂಟೆ ಸೋನಿಕೇಟರಿನಲ್ಲಿ (ಶಬ್ದದ ಅಲೆಗಳಿಂದ ನೀರನ್ನು ಅದುರಿಸುವ ತೊಟ್ಟಿ) ಇಟ್ಟ ಮೇಲೆ ಲೆಕ್ಕ ಸರಿಹೋಯಿತು. ಸೋನಿಕೇಟರಿನ ನೀರು ಬಿಸಿಯಾಗುತ್ತದೆ, ಅದು ರಾಬಿಪ್ರಜೋಲಿಗೆ ಆಗದು. ಹಾಗಾಗಿ ಮಧ್ಯೆ ಮಧ್ಯೆ ಐಸ್ ಹಾಕುತ್ತಿದ್ದೆ.

ಆಮೇಲಿನದು ಈ ವಿಧಾನವನ್ನು ನಂಬಬಹುದೇ ಅಂತ ಪರೀಕ್ಷಿಸುವ ರೂಢಿಯ ಕೆಲಸ. ಕನಿಷ್ಠ ಐದು ಸಾಂದ್ರತೆಗಳಲ್ಲಿ ಅಳೆದು, ಸಾಂದ್ರತೆಗೆ ಎದುರಾಗಿ ಗುಡ್ಡದ ವಿಸ್ತೀರ್ಣ ಗುರುತಿಸಿದರೆ ಗೆರೆ ನೇರವಾಗಿದೆಯೇ, ಮೂರು ಮಟ್ಟಗಳಲ್ಲಿ ಒಟ್ಟು ಒಂಬತ್ತು ಸಲ ಅಳೆದಾಗ ಹಾಕಿದಷ್ಟು ವಾಪಸ್ ಸಿಗುತ್ತದೆಯೇ ಅಂತ ನೋಡಬೇಕು. ಔಷಧಿಯಿಲ್ಲದ ಬರಿಯ ಕಾಳನ್ನೂ ಓಡಿಸಬೇಕು, ಅದು ನಮ್ಮ ಗುಡ್ಡದ ಜಾಗದಲ್ಲಿ ತಲೆ ಎತ್ತಬಾರದು.

ಇಷ್ಟು ಹೇಳುವಷ್ಟರಲ್ಲಿ ಚಿಕ್ಕಮ್ಮ ಕಾಳನ್ನೆಲ್ಲ ಬಳಿದು ಕ್ಯಾಪ್ಸೂಲಿಗೆ ತುಂಬಲು ಹೊರಟಿದ್ದರು. ಮಳೆಯ ತೇವಕ್ಕೆ ಕೆಲವು ಆಗಲೇ ತಟ್ಟೆಗೆ ಅಂಟಿದ್ದವು. "ಅದನ್ನ ಬಿಸಾಕಿ, ಬೇರೆ ತಗೊಳ್ಳಿ" ಅಂದೆ. "ಒಂದಕ್ಕೆ ಎಷ್ಟು ರೇಟು ಗೊತ್ತಾ ನಿಂಗೆ?" ಅಂದರು.